ಖಾಲಿ ಬಾಗಿಲಿನ ಗದ್ದಲ: ಸ್ಕ್ವೀಜ್ಡ್ ಬೆಳಕಿನ ಬಗ್ಗೆ ಟಿಪ್ಪಣಿ

ತುಮಕೂರಿನ ನಮ್ಮ ಪ್ರಯೋಗಾಲಯದಲ್ಲಿ ಮೈಕೆಲ್ಸನ್ ಪ್ರಯೋಗವನ್ನು ನೀವೂ ಮಾಡಿದ್ದೀರಿ: ಬೆಳಕನ್ನು ಎರಡು ತೋಳುಗಳಿಗೆ ಒಡೆದು, ಕನ್ನಡಿಗಳಿಂದ ಮರಳಿಸಿ, ಮತ್ತೆ ಬೆರೆಸುವ ಪ್ರಯೋಗ. ಸೋಡಿಯಂ ದೀಪದ ಹಳದಿ ವೃತ್ತಗಳು ನಡುವಿನಿಂದ ಒಂದೊಂದಾಗಿ ಹುಟ್ಟುವುದನ್ನು ಉಸಿರು ಬಿಗಿಹಿಡಿದು ಎಣಿಸಬೇಕು. ಯಾರದಾದರೂ ಮೊಣಕೈ ಮೇಜಿಗೆ ತಾಗಿತೋ, ಮತ್ತೆ ಮೊದಲಿನಿಂದ. ಕನ್ನಡಿ ಸುಮಾರು 295 ನ್ಯಾನೋಮೀಟರ್ ಸರಿದರೆ ಒಂದು ವೃತ್ತ. ಗುರುತ್ವ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋ ಕೂಡ ಇದೇ ಜಾತಿಯ ಉಪಕರಣ. ಅದರ ತೋಳುಗಳು 4 ಕಿ.ಮೀ. ಉದ್ದ, ಅಳೆಯಬೇಕಾದ ಉದ್ದದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ಸಾವಿರದಲ್ಲೊಂದು ಪಾಲಿನಷ್ಟು. ನೆಲದ ಅಲುಗಾಟವನ್ನೆಲ್ಲ ತಡೆದ ಮೇಲೂ ಬೆಳಕಿನದೇ ಗದ್ದಲ ಉಳಿಯುತ್ತದೆ.

ಜಿಂಕ್ ಶೀಟಿನ ಮೇಲೆ ಒಂದೇ ಸಮನೆ ಮಳೆ ಬೀಳುತ್ತಿದ್ದರೂ ಹನಿಗಳ ಸದ್ದು ಗಡಿಯಾರದಂತೆ ಕೇಳಿಸುವುದಿಲ್ಲ. ಲೇಸರಿನ ಫೋಟಾನುಗಳೂ ಹಾಗೆಯೇ. ಸರಾಸರಿ 10,000 ಬಂದರೆ ಎಣಿಕೆ 100ರಷ್ಟು ಹೆಚ್ಚುಕಡಿಮೆ ಆಗುತ್ತದೆ. ಹಾಗಾಗಿ ಪ್ರಾವಸ್ಥೆಯ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರ) ದೋಷ ಫೋಟಾನುಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮ; ನಿಖರತೆ ಹತ್ತು ಪಟ್ಟು ಬೇಕಿದ್ದರೆ ಬೆಳಕು ನೂರು ಪಟ್ಟು ಬೇಕು. ಅಷ್ಟು ಬೆಳಕು ಸುರಿದರೆ ಕನ್ನಡಿ ಬಿಸಿಯಾಗುತ್ತದೆ, 40 ಕೆ.ಜಿ. ತೂಕದ್ದಾದರೂ ಫೋಟಾನುಗಳ ತಳ್ಳಾಟಕ್ಕೆ ನಡುಗುತ್ತದೆ.

ನನಗೆ ಅರ್ಥವಾಗಲು ಅತಿ ಹೆಚ್ಚು ದಿನ ಹಿಡಿದದ್ದು ಮುಂದಿನ ಮಾತು, ನಿಧಾನವಾಗಿ ಓದಿ. ಬೆಳಕನ್ನು ಎರಡು ತೋಳುಗಳಿಗೆ ಒಡೆಯುವ ಅರೆಗನ್ನಡಿಗೆ, ಅಂದರೆ ಬೀಮ್ ಸ್ಪ್ಲಿಟರ್‌ಗೆ, ಬೆಳಕು ಒಳಬರಲು ಎರಡು ಬಾಗಿಲು. ಒಂದರಿಂದ ಲೇಸರ್ ಬಿಡುತ್ತೇವೆ. ಇನ್ನೊಂದರಿಂದ ಏನನ್ನೂ ಬಿಡುವುದಿಲ್ಲ. ಆದರೆ ಕ್ವಾಂಟಮ್ ಲೆಕ್ಕದಲ್ಲಿ ‘ಏನೂ ಇಲ್ಲ’ ಎಂಬುದು ಸೊನ್ನೆಯಲ್ಲ: ನಿರ್ವಾತದ ಕ್ಷೇತ್ರಕ್ಕೂ ತನ್ನದೇ ಏರಿಳಿತವಿದೆ. ಆ ಏರಿಳಿತ ಖಾಲಿ ಬಾಗಿಲಿನಿಂದ ಒಳಹೊಕ್ಕು ಲೇಸರಿನೊಡನೆ ಬೆರೆತು ಎರಡು ತೋಳುಗಳಲ್ಲಿ ವಿರುದ್ಧ ಚಿಹ್ನೆಯಿಂದ ಹಂಚಿಹೋಗುತ್ತದೆ. ನಾವು ಅಳೆಯುವುದು ತೋಳುಗಳ ವ್ಯತ್ಯಾಸವನ್ನೇ ಆದ್ದರಿಂದ ಗದ್ದಲವೆಲ್ಲ ಅಲ್ಲಿ ಕಾಣಿಸಿಕೊಳ್ಳುತ್ತದೆ. 1981ರಲ್ಲಿ ಭೌತವಿಜ್ಞಾನಿ ಕಾರ್ಲ್ಟನ್ ಕೇವ್ಸ್ ಇದನ್ನು ತೋರಿಸಿಕೊಟ್ಟು, ಆ ಬಾಗಿಲಿಗೆ ಸಾಮಾನ್ಯ ನಿರ್ವಾತದ ಬದಲು ಸ್ಕ್ವೀಜ್ಡ್ ನಿರ್ವಾತವನ್ನು ಕಳುಹಿಸಿ ಎಂದರು. ಎಷ್ಟು ಸೊಗಸಾದ ಯೋಚನೆ!

ಸ್ಕ್ವೀಜ್ಡ್ ಎಂದರೇನು? ರಾಗಿ ಮುದ್ದೆಯನ್ನು ಅಂಗೈಗಳ ನಡುವೆ ಒತ್ತಿ: ಒಂದು ಕಡೆ ತೆಳುವಾಗುತ್ತದೆ, ಇನ್ನೊಂದು ಕಡೆ ಉಬ್ಬುತ್ತದೆ, ಹಿಟ್ಟು ಅಷ್ಟೇ ಇರುತ್ತದೆ. ಅನಿಶ್ಚಿತತೆಯೂ ಹೀಗೆ. ಪ್ರಾವಸ್ಥೆಯ ಕಡೆ ಒತ್ತಿದರೆ ಪಾರದ (ಅಲೆಯ ಎತ್ತರದ) ಕಡೆ ಉಬ್ಬುತ್ತದೆ. ಒತ್ತುವ ಕೆಲಸ ಮಾಡುವುದು ಒಂದು ಸ್ಫಟಿಕ. ಅದರೊಳಗೆ 532 ನ್ಯಾನೋಮೀಟರಿನ ಹಸಿರು ಫೋಟಾನು 1064ರ ಒಂದು ಜೋಡಿ ಫೋಟಾನುಗಳಾಗುತ್ತದೆ. 2019ರಲ್ಲಿ ಲೈಗೋ, ಇಟಲಿಯಲ್ಲಿರುವ ಅಂಥದೇ ಉಪಕರಣ ವರ್ಗೋ ಎರಡೂ ಇದನ್ನು ವೀಕ್ಷಣೆಯಲ್ಲಿ ಬಳಸತೊಡಗಿದವು. ಉಬ್ಬಿದ ಕಡೆ ಕಡಿಮೆ ಆವರ್ತನಗಳಲ್ಲಿ ಕನ್ನಡಿಯನ್ನು ತಳ್ಳುವ ತೊಂದರೆ ಇತ್ತು. 2023ರಲ್ಲಿ ಲೈಗೋ 300 ಮೀಟರ್ ಉದ್ದದ ಕುಹರವೊಂದನ್ನು (ಎದುರುಬದುರು ಕನ್ನಡಿಗಳ ನಡುವಿನ ಜಾಗವನ್ನು) ಬಳಸಿ, ಆವರ್ತನಕ್ಕೆ ತಕ್ಕಂತೆ ಒತ್ತುವ ದಿಕ್ಕನ್ನೇ ತಿರುಗಿಸಿತು.

ದೋಷ ತಗ್ಗಿಸುವ ಇನ್ನೊಂದು ಕ್ವಾಂಟಮ್ ದಾರಿಯಾದ ನೂನ್ ಸ್ಥಿತಿಗಳ ಬಗ್ಗೆ ಇಷ್ಟು ಸಾಕು: ಎಲ್ಲ ಫೋಟಾನುಗಳೂ ಈ ತೋಳಿನಲ್ಲಿ ಅಥವಾ ಎಲ್ಲವೂ ಆ ತೋಳಿನಲ್ಲಿ ಎಂಬ ಎರಡು ಸಾಧ್ಯತೆಗಳ ಬೆಸುಗೆ. ಆಗ ದೋಷವು ವರ್ಗಮೂಲಕ್ಕಲ್ಲ, ಫೋಟಾನುಗಳ ಸಂಖ್ಯೆಗೇ ವಿಲೋಮವಾಗುತ್ತದೆ, ಆದರೆ ಒಂದೇ ಫೋಟಾನು ಕಳೆದುಹೋದರೂ ಲಾಭವೆಲ್ಲ ಹೋಗುತ್ತದೆ.

ಸ್ಕ್ವೀಜ್ಡ್ ಬೆಳಕಿಗೂ ನಷ್ಟವೇ ಶತ್ರು, ಏಕೆಂದರೆ ಕಳೆದ ಬೆಳಕಿನ ಜಾಗಕ್ಕೆ ಮತ್ತೆ ಸಾಮಾನ್ಯ ನಿರ್ವಾತ ನುಗ್ಗುತ್ತದೆ. 10 ಡೆಸಿಬೆಲ್ ಒತ್ತಿದ್ದೇವೆ ಎಂದರೆ ಗದ್ದಲದ ಶಕ್ತಿ ಸಾಮಾನ್ಯ ನಿರ್ವಾತದ 0.1 ಪಾಲು. ದಾರಿಯಲ್ಲಿ ಶೇ. 20 ನಷ್ಟವಾದರೆ 0.8 × 0.1 + 0.2 = 0.28, ಅಂದರೆ ಕೈಗೆ ಸಿಕ್ಕಿದ್ದು 5.5 ಡೆಸಿಬೆಲ್ ಮಾತ್ರ. ನಷ್ಟ ಶೇ. 5 ಎಂದಿಟ್ಟು ನೀವೇ ಮಾಡಿ ನೋಡಿ; 8.4 ಬರಬೇಕು.