ಕ್ಯಾಬರ್ನೆಯ ಹದ: ಹಳೆಯ ವೈನ್ ಮನೆಗಳನ್ನು ರುಚಿಯಿಂದ ಅರಿಯುವ ಬಗೆ

ಮಲೆನಾಡಿನ ಅಡಿಕೆ ತೋಟಗಳ ನಡುವೆ ಬೆಳೆದ ನಮಗೆ ಬೋರ್ಡೋ ಎಂಬ ಹೆಸರು ಪರಿಚಯವಾಗುವುದು ವೈನ್‌ನಿಂದಲ್ಲ, ಕೊಳೆರೋಗದ ಔಷಧಿಯಿಂದ. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿ ಗೊನೆಗಳಿಗೆ ಹೊಡೆಯುವ ಆ ತಿಳಿನೀಲಿ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ಮೆಡಾಕ್‌ನಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದಿದ್ದ ಲೇಪವು ಅವುಗಳನ್ನು ಬೂಜು ತುಪ್ಪಟ ರೋಗದಿಂದಲೂ ಕಾಪಾಡಿದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ 1882ರಲ್ಲಿ ಗಮನಿಸಿದರು. 1885ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅವರು ಇದನ್ನು ಕಂಡ, ಮೆಡಾಕ್‌ನ ಸೇಂಟ್ ಜೂಲಿಯನ್ ಊರಿನ ಬೋಕಾಯು ತೋಟ ಇಂದಿಗೂ ಶಾಟೋ ಡ್ಯೂಕ್ರು ಬೋಕಾಯು ಎಂಬ ಹೆಸರಿನಲ್ಲಿ ಕ್ಯಾಬರ್ನೆ ದ್ರಾಕ್ಷಿ ಪ್ರಧಾನವಾದ ವೈನ್ ತಯಾರಿಸುತ್ತಿದೆ. ಬೋರ್ಡೋ ವೈನ್ ಮನೆಗಳಿಗೆ ದರ್ಜೆ ನೀಡಿದ 1855ರ ವರ್ಗೀಕರಣದಲ್ಲಿ ಅದಕ್ಕೆ ಎರಡನೆಯ ದರ್ಜೆ ದೊರೆತಿತ್ತು. ಮಳೆ, ರೋಗ, ಮಾರುಕಟ್ಟೆಯ ಏರಿಳಿತಗಳನ್ನು ತಲೆಮಾರುಗಳ ಕಾಲ ಎದುರಿಸಿಯೂ ತನ್ನ ಹದವನ್ನು ಬಿಡದ ಇಂಥ ಮನೆಗಳನ್ನು ಹೇಗೆ ಅರಿಯಬೇಕು ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ಹಣ್ಣಿನ ಬಗ್ಗೆ. ಕ್ಯಾಬರ್ನೆ ಸೋವಿನ್ಯೋ ತಳಿಯು ಕ್ಯಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋ ಬ್ಲಾಂಕ್ ತಳಿಗಳ ಸಹಜ ಸಂಕರವೆಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಡಿಎನ್ಎ ಅಧ್ಯಯನ 1997ರಲ್ಲಿ ತೋರಿಸಿಕೊಟ್ಟಿತು. ಕಾಳು ಸಣ್ಣದು, ಸಿಪ್ಪೆ ದಪ್ಪ. ಆದ್ದರಿಂದ ರಸಕ್ಕೆ ಹೋಲಿಸಿದರೆ ಬಣ್ಣವೂ ಟ್ಯಾನಿನ್ನೂ ಹೆಚ್ಚು. ತಡವಾಗಿ ಹಣ್ಣಾಗುವ ತಳಿಯಾದ ಕಾರಣ, ಸಾಕಷ್ಟು ಬಿಸಿಲು ಸಿಗದ ವರ್ಷಗಳಲ್ಲಿ ದೊಣ್ಣೆಮೆಣಸಿನಕಾಯಿಯನ್ನು ಹೋಲುವ ಹಸಿ ವಾಸನೆ ಉಳಿದುಬಿಡುತ್ತದೆ.

ಟ್ಯಾನಿನ್ ಎಂದರೆ ನಮ್ಮ ಮಾತಿನ ಚೊಗರು. ಇದನ್ನು ಕಹಿಯೊಡನೆ ಬೆರೆಸಬಾರದು: ಕಹಿ ನಾಲಿಗೆಯ ರುಚಿ, ಚೊಗರು ಬಾಯಿಯ ಸ್ಪರ್ಶ. ಎಳೆ ಅಡಿಕೆಯ ಹೋಳೊಂದನ್ನು ಕಚ್ಚಿ ಒಂದು ನಿಮಿಷ ಬಾಯಲ್ಲಿಟ್ಟುಕೊಂಡರೆ ಒಸಡು ಬಿಗಿಯುತ್ತದೆ, ಕೆನ್ನೆಯ ಒಳಗೋಡೆ ಒಣಗಿದಂತಾಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ. ಆ ಅನುಭವವನ್ನು ನೆನಪಿನಲ್ಲಿಟ್ಟುಕೊಂಡು ಕ್ಯಾಬರ್ನೆಯ ಗುಟುಕೊಂದನ್ನು ಬಾಯಲ್ಲಿ ಆಡಿಸಿ ನೋಡಿ. ಒರಟು ವೈನ್‌ನಲ್ಲಿ ಚೊಗರು ಒಂದೇ ಕಡೆ ಕೆರೆದಂತೆ ನಿಲ್ಲುತ್ತದೆ. ಹದವಾದ ವೈನ್‌ನಲ್ಲಿ ಅದೇ ಬಿಗಿತ ಬಾಯಿಯ ತುಂಬ ಸಮನಾಗಿ ಹರಡಿ, ಹಣ್ಣಿನ ರುಚಿಯನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಕಾದಿರಿಸಿ ಮರುವರ್ಷದ ಹಂಡೆಗೆ ಬೆರೆಸುವ ರೂಢಿಯಿದೆ, ಮತ್ತು ಆ ಮನೆಯ ಅಡಿಕೆಯ ಬಣ್ಣ ವರ್ಷದಿಂದ ವರ್ಷಕ್ಕೆ ಒಂದೇ ತೆರನಾಗಿ ಬರಲು ಅದೂ ಒಂದು ಕಾರಣ. ವೈನ್ ಮನೆಗೆ ಇಂಥ ಸೌಲಭ್ಯವಿಲ್ಲ. ಲೇಬಲ್ಲಿನ ಮೇಲೆ ವರ್ಷವನ್ನು ಮುದ್ರಿಸಿದ ಮೇಲೆ ಆ ವರ್ಷದ ಹಣ್ಣಿನಿಂದಲೇ ತನ್ನ ಗುಣವನ್ನು ತೋರಿಸಬೇಕು.

ಹಾಗಿದ್ದರೆ ಹದ ಎಲ್ಲಿಂದ ಬರುತ್ತದೆ? ನನ್ನ ತಿಳಿವಳಿಕೆಯಂತೆ ಅದು ಮುಖ್ಯವಾಗಿ ಬೇಡವೆನ್ನುವ ಧೈರ್ಯದಿಂದ ಬರುತ್ತದೆ. ಬೋರ್ಡೋದ ಶಾಟೋ ಲಾಟೂರ್ ತನ್ನ ಮುಖ್ಯ ವೈನ್‌ಗೆ ಸಲ್ಲದ್ದನ್ನು ಲೆ ಫೋರ್ ದ ಲಾಟೂರ್ ಎಂಬ ಎರಡನೆಯ ಹೆಸರಿನಲ್ಲಿ ಹೊರತರುತ್ತದೆ; ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ಬೇರ್ಪಡಿಸುವುದನ್ನು ಕಂಡವರಿಗೆ ಈ ಶಿಸ್ತು ಸುಲಭವಾಗಿ ಅರ್ಥವಾದೀತು. ಹದದ ಎರಡನೆಯ ಮೂಲವೆಂದರೆ ತಳಿಗಳ ಮಿಶ್ರಣ. ಬೇಗ ಮಾಗುವ ಮೆರ್ಲೋ ತಳಿಯನ್ನು ಜೊತೆಗೆ ಬೆಳೆಸಿದ ಮನೆಗೆ, ಕ್ಯಾಬರ್ನೆ ಸರಿಯಾಗಿ ಮಾಗದ ವರ್ಷದಲ್ಲೂ ಪ್ರಮಾಣವನ್ನು ಹೊಂದಿಸಿ ಸಮತೋಲ ಕಾಯ್ದುಕೊಳ್ಳಲು ಸಾಧ್ಯವಾಗುತ್ತದೆ. ಮೂರನೆಯದು ಒಂದೇ ಕೈ ದೀರ್ಘಕಾಲ ಕೆಲಸ ಮಾಡುವುದು. ಕ್ಯಾಲಿಫೋರ್ನಿಯಾದ ರಿಡ್ಜ್ ವೈನ್ ಸಂಸ್ಥೆಗೆ 1969ರಲ್ಲಿ ಸೇರಿದ ಪಾಲ್ ಡ್ರೇಪರ್ 2016ರವರೆಗೆ ಅಲ್ಲಿಯೇ ಇದ್ದರು. ಅವರ 1971ರ ಮಾಂಟೆ ಬೆಲ್ಲೋ ಕ್ಯಾಬರ್ನೆ, ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವೈನ್‌ಗಳನ್ನು ಹೋಲಿಸಿದ 1976ರ ಪ್ಯಾರಿಸ್ ರುಚಿಪರೀಕ್ಷೆಯಲ್ಲಿ ಕೆಂಪು ವೈನ್‌ಗಳ ಪೈಕಿ ಐದನೆಯ ಸ್ಥಾನ ಪಡೆದಿತ್ತು. ಅದೇ ವೈನ್‌ಗಳನ್ನು 2006ರಲ್ಲಿ ಮತ್ತೆ ರುಚಿ ನೋಡಿದಾಗ ಮೊದಲ ಸ್ಥಾನ ಅದಕ್ಕೇ ದೊರೆಯಿತು. ಮೂವತ್ತು ವರ್ಷ ಬಾಟಲಿಯಲ್ಲಿದ್ದೂ ಕುಂದದ ಕಟ್ಟು ಅದು.

ಹಳೆಯ ಹೆಸರು ಮಾತ್ರ ಸಾಕಾಗದು. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ 1879ರಲ್ಲಿ ಸ್ಥಾಪನೆಯಾದ ಇಂಗಲ್‌ನುಕ್ ವೈನ್ ಮನೆಯನ್ನು ಅದನ್ನು ನಡೆಸುತ್ತಿದ್ದ ಕುಟುಂಬ 1964ರಲ್ಲಿ ಮಾರಿದ ಮೇಲೆ, ಆ ಹೆಸರು ಅಗ್ಗದ ದೊಡ್ಡ ಬಾಟಲಿಗಳ ಮೇಲೂ ಕಾಣಿಸಿಕೊಂಡಿತು. ತೋಟವನ್ನು ಕೊಂಡಿದ್ದ ಚಿತ್ರ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರ ಕೈಗೆ ಹೆಸರೂ ಸೇರಿದ್ದು 2011ರಲ್ಲಿ. ಆದ್ದರಿಂದ ಸ್ಥಾಪನೆಯ ವರ್ಷದ ಜೊತೆಗೆ ತೋಟ ಯಾರದು, ವೈನ್ ತಯಾರಿಸುವವರು ಎಷ್ಟು ಕಾಲದಿಂದ ಇದ್ದಾರೆ ಎಂಬುದನ್ನೂ ಬರೆದಿಟ್ಟುಕೊಳ್ಳುವುದು ಒಳಿತು.

ಕಲಿಯುವವರು ಸಾಮಾನ್ಯವಾಗಿ ಹೆಸರಾಂತ ವರ್ಷಗಳ ಬೆನ್ನು ಹತ್ತುತ್ತಾರೆ. ಬೋರ್ಡೋದ 2009 ಮತ್ತು 2010ರಂಥ ವರ್ಷಗಳಲ್ಲಿ ಬಹುತೇಕ ಎಲ್ಲರ ವೈನ್ ಚೆನ್ನಾಗಿಯೇ ಇರುತ್ತದೆ, ಅಲ್ಲಿ ಮನೆಯ ಗುಣ ಎದ್ದು ಕಾಣುವುದಿಲ್ಲ. ತಂಪು ಮತ್ತು ಮಳೆಯಿಂದ ನಲುಗಿದ 2013ರಲ್ಲಿ ಯಾರು ಕಡಿಮೆ ತಯಾರಿಸಿಯಾದರೂ ಶುದ್ಧವಾದ, ಹಗುರವಾದ ವೈನ್ ಕೊಟ್ಟರೋ ಅವರನ್ನು ನಾನು ಹೆಚ್ಚು ನಂಬುತ್ತೇನೆ. ಕೊಳೆರೋಗದ ವರ್ಷದಲ್ಲೂ ತೋಟ ಉಳಿಸಿಕೊಂಡವರ ಬಗ್ಗೆ ನಮ್ಮ ಊರುಗಳಲ್ಲಿ ಇರುವ ಗೌರವ ಇದೇ ಬಗೆಯದು.

ಅಭ್ಯಾಸಕ್ಕೆ ದುಬಾರಿ ಬಾಟಲಿಗಳೇ ಬೇಕೆಂದಿಲ್ಲ. ನಮ್ಮದೇ ರಾಜ್ಯದ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಸಂಸ್ಥೆಯ ಲಾ ರಿಸರ್ವ್ ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳ ಮಿಶ್ರಣ. ಅದರ ಎರಡು ಬೇರೆ ವರ್ಷಗಳ ಬಾಟಲಿಗಳು ಸಿಕ್ಕರೆ ಐದಾರು ಮಂದಿ ಸೇರಿ ಹಂಚಿಕೊಳ್ಳಬಹುದು, ಒಬ್ಬೊಬ್ಬರಿಗೆ 40 ಮಿ.ಲೀ. ಸಾಕು. ಶಿವಮೊಗ್ಗದ ಬೇಸಿಗೆಯಲ್ಲಿ ಕೋಣೆಯ ಶಾಖ ಕ್ಯಾಬರ್ನೆಗೆ ವಿಪರೀತವಾದ್ದರಿಂದ, ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು 16ರಿಂದ 18 ಡಿಗ್ರಿಯ ಆಸುಪಾಸಿಗೆ ತನ್ನಿ. ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿದರೆ ಎಳೆಯ ವೈನ್‌ನ ಅಂಚು ನೇರಳೆ ಬಣ್ಣಕ್ಕೂ ಹಳೆಯದರ ಅಂಚು ಇಟ್ಟಿಗೆ ಬಣ್ಣಕ್ಕೂ ತಿರುಗಿರುವುದು ಕಾಣುತ್ತದೆ. ಎರಡರಲ್ಲೂ ಬದಲಾಗದೆ ಉಳಿದದ್ದು ಯಾವುದೆಂದು ಮೊದಲು ಬರೆಯಿರಿ, ಬದಲಾದದ್ದನ್ನು ಆಮೇಲೆ ಬರೆಯಿರಿ. ಒಂದು ಗಂಟೆ ಬಿಟ್ಟು, ಗಾಳಿಯಾಡಿದ ಅದೇ ಲೋಟಗಳಿಂದ ಇನ್ನೊಂದು ಗುಟುಕು ತೆಗೆದುಕೊಂಡು ಮೊದಲ ಪಟ್ಟಿಯನ್ನು ತಿದ್ದಿಕೊಳ್ಳಿ.