ಕೂಸು ಹುಟ್ಟುವ ಮುನ್ನ ಕುಲಾವಿ: ಕನ್ಸೋಲ್‌ಗಳೂ ಟೆರಾಫ್ಲಾಪ್ ಲೆಕ್ಕವೂ

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 5 ಮಾರಾಟಕ್ಕೆ ಬಂದದ್ದು 2020ರ ನವೆಂಬರ್‌ನಲ್ಲಿ. ಅದು ಎದುರಾಳಿಯಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗಿಂತ ದುರ್ಬಲ ಎಂಬ ಮಾತು ಬೇರುಬಿಟ್ಟದ್ದು ಅದಕ್ಕೂ ಸುಮಾರು ಒಂದು ವರ್ಷ ಮೊದಲು. ಆಗ ಯಂತ್ರದ ಹೊರಮೈ ಹೇಗಿರುತ್ತದೆ ಎಂಬುದೂ ಜನರಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಇದ್ದದ್ದು ಸೋರಿಕೆಯಾದ ಒಂದೇ ಅಂಕಿ: 9.2 ಟೆರಾಫ್ಲಾಪ್. ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಾಂಶ ಲೆಕ್ಕ.

ಅಳತೆಗೋಲು ಹೊಸದು, ಅಳೆಯುವ ಆತುರ ಹಳೆಯದು. 1990ರ ದಶಕದಲ್ಲಿ 'ಬಿಟ್' (ಚಿಪ್ ಒಂದೇ ಸಲಕ್ಕೆ ನಿಭಾಯಿಸುವ ದತ್ತಾಂಶದ ಅಳತೆ) ಎಣಿಸುತ್ತಿದ್ದರು; 1993ರ ಅಟಾರಿ ಜಾಗ್ವಾರ್ 64 ಬಿಟ್ ಎಂದೇ ಪ್ರಚಾರ ಪಡೆಯಿತು. 1999ರಲ್ಲಿ ಪ್ಲೇಸ್ಟೇಷನ್ 2ರ ಬಗ್ಗೆ ಸೆಕೆಂಡಿಗೆ 6.6 ಕೋಟಿ ಪಾಲಿಗಾನ್ (ಚಿತ್ರ ಕಟ್ಟುವ ಪುಟ್ಟ ಬಹುಭುಜಗಳು) ಎಂಬ ಮಾತು ಹೊರಟಿತು. ಬೆಳಕಿನ ಲೆಕ್ಕವನ್ನೂ ಸೇರಿಸದ ಬರಿಯ ಗರಿಷ್ಠ ಮಿತಿ ಅದು. ಆದರೂ ಆಗಲೇ ಮಾರಾಟದಲ್ಲಿದ್ದ ಸೇಗಾ ಕಂಪನಿಯ ಡ್ರೀಮ್‌ಕಾಸ್ಟ್ ಇನ್ನೂ ಬಾರದ ಆ ಯಂತ್ರದ ಎದುರು ನಿಲ್ಲಬೇಕಾಯಿತು. 2005ರಲ್ಲಿ ಪ್ಲೇಸ್ಟೇಷನ್ 3ಕ್ಕೆ 2 ಟೆರಾಫ್ಲಾಪ್, ಎಕ್ಸ್‌ಬಾಕ್ಸ್ 360ಕ್ಕೆ 1 ಎಂದು ಹೇಳಲಾಯಿತು. ಎರಡೂ ಆಟಗಳಲ್ಲಿ ಎಂದೂ ಕಾಣದ ಅಂಕಿಗಳು.

2013ರ ಹೊತ್ತಿಗೆ ಸೋನಿ, ಮೈಕ್ರೋಸಾಫ್ಟ್ ಎರಡೂ ಚಿಪ್ ಕಂಪನಿ ಎಎಮ್‌ಡಿಯ ಒಂದೇ ಕುಟುಂಬದ ಗ್ರಾಫಿಕ್ಸ್ ಬಳಸತೊಡಗಿದವು. ಅಂತೆಕಂತೆಗಳು ಪಟ್ಟಾಗಿ ಗಣಿತಕ್ಕೆ ಕೂತದ್ದು ಆಗಲೇ. ಲೆಕ್ಕ ಸುಲಭ: ಗ್ರಾಫಿಕ್ಸ್ ಘಟಕಗಳ ಸಂಖ್ಯೆಯನ್ನು 64ರಿಂದ, ಅದನ್ನು 2ರಿಂದ, ಕೊನೆಗೆ ಕ್ಲಾಕ್ ವೇಗದಿಂದ (ಚಿಪ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದರಿಂದ) ಗುಣಿಸಬೇಕು. ಪ್ಲೇಸ್ಟೇಷನ್ 4ರಲ್ಲಿ 18 ಘಟಕ, 800 ಮೆಗಾಹರ್ಟ್ಸ್: 1.84 ಟೆರಾಫ್ಲಾಪ್. ಎಕ್ಸ್‌ಬಾಕ್ಸ್ ಒನ್‌ನಲ್ಲಿ 12 ಘಟಕ, 853 ಮೆಗಾಹರ್ಟ್ಸ್: 1.31. ಇಲ್ಲಿ ಅಂಕಿಯ ಅಂತರ ಪರದೆಯ ಮೇಲೂ ಕಂಡಿತು. ಒಂದರಲ್ಲಿ 1080 ಗೆರೆಗಳಲ್ಲಿ ಓಡಿದ ಕೆಲವು ಆಟ ಇನ್ನೊಂದರಲ್ಲಿ 720 ಅಥವಾ 900ಕ್ಕೆ ಇಳಿಯಿತು. ಟೆರಾಫ್ಲಾಪ್ ಮೇಲಿನ ನಂಬಿಕೆ ಗಟ್ಟಿಯಾಗಲು ಈ ಒಂದು ಸಲದ ಹೊಂದಾಣಿಕೆ ಸಾಕಾಯಿತು. ಒಪ್ಪದವರು ಎಕ್ಸ್‌ಬಾಕ್ಸ್ ಒನ್ ಒಳಗೆ ಎರಡನೆಯ ಗ್ರಾಫಿಕ್ಸ್ ಚಿಪ್ ಅಡಗಿದೆ ಎಂದು ನಂಬಿಕೊಂಡರು. ಅಂಥದ್ದು ಇರಲಿಲ್ಲ.

ಸೋರಿಕೆಯ ಅಂಕಿ ಯಾಕೆ ಜಾರುತ್ತದೆ? ಚಿಪ್‌ನ ವಿನ್ಯಾಸ ಮುಗಿದ ಮೇಲೆ ಘಟಕಗಳನ್ನು ಸೇರಿಸಲಾಗದು, ಇದ್ದವನ್ನು ಮುಚ್ಚಿಡಬಹುದು ಅಷ್ಟೇ. ತಯಾರಿಕೆಯಲ್ಲಿ ದೋಷ ಬಂದ ಚಿಪ್‌ಗಳೂ ಉಪಯೋಗಕ್ಕೆ ಬರಲಿ ಎಂದು ಕೆಲವು ಘಟಕಗಳನ್ನು ಮೊದಲೇ ಮುಚ್ಚಿಡುತ್ತಾರೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಚಿಪ್‌ನಲ್ಲಿ 56 ಘಟಕಗಳಿವೆ, ಕೆಲಸ ಮಾಡುವುದು 52. ಪ್ಲೇಸ್ಟೇಷನ್ 5ರಲ್ಲಿ 40, ಕೆಲಸಕ್ಕೆ 36. ಚಿಪ್ ನೋಡಿದವರ ಮಾತಿಗೂ ಯಂತ್ರ ಬಳಸಿದವರ ಮಾತಿಗೂ ಇಲ್ಲೇ ವ್ಯತ್ಯಾಸ ಬರುತ್ತದೆ. ಕ್ಲಾಕ್ ವೇಗವಾದರೋ ತಂಪು ಮಾಡುವ ವ್ಯವಸ್ಥೆಯ ಪರೀಕ್ಷೆ ಮುಗಿಯುವವರೆಗೂ ಏರಿಳಿಯಬಹುದು. ಎಕ್ಸ್‌ಬಾಕ್ಸ್ ಒನ್ 800ರಿಂದ 853ಕ್ಕೆ ಏರಿದ್ದು ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ. ಮೆಮೊರಿಯೂ ಕೊನೆಯಲ್ಲಿ ಬದಲಾಗಬಹುದು. ಪ್ಲೇಸ್ಟೇಷನ್ 4ಕ್ಕೆ 4 ಜಿಬಿ ಎಂದಿದ್ದ ವದಂತಿ ಪೂರ್ತಿ ಸುಳ್ಳಲ್ಲ: 16 ಮೆಮೊರಿ ಚಿಪ್‌ಗಳು ತಲಾ 256 ಎಂಬಿಯದಾದರೆ 4 ಜಿಬಿ, ತಲಾ 512 ಎಂಬಿಯದಾದರೆ 8 ಜಿಬಿ. ದೊಡ್ಡ ಚಿಪ್ ಸಕಾಲಕ್ಕೆ ಸಿಕ್ಕಿತು, 2013ರ ಫೆಬ್ರುವರಿ 20ರಂದು 8 ಜಿಬಿ ಎಂದು ಪ್ರಕಟವಾಯಿತು.

ಇನ್ನು 9.2ರ ಕಥೆ. 2019ರ ಕೊನೆಯಲ್ಲಿ ಹೊರಬಿದ್ದದ್ದು ಕಟ್ಟುಕಥೆಯಲ್ಲ, ಚಿಪ್ ಪರೀಕ್ಷೆಯ ನಿಜವಾದ ದಾಖಲೆ. ಅದರಲ್ಲಿ ಮೂರು ವೇಗಗಳಿದ್ದವು: 800, 911 ಮತ್ತು 2000 ಮೆಗಾಹರ್ಟ್ಸ್. ಮೊದಲೆರಡು ಪ್ಲೇಸ್ಟೇಷನ್ 4 ಮತ್ತು 4 ಪ್ರೋಗಳ ವೇಗಗಳೇ. ಅಂದರೆ ಹಳೆಯ ಆಟಗಳನ್ನು ಓಡಿಸುವ ಪರೀಕ್ಷೆ. ಮೂರನೆಯದನ್ನು 36 ಘಟಕಗಳಿಗೆ ಗುಣಿಸಿದರೆ 9.2 ಬರುತ್ತದೆ. ಇದನ್ನು ಒಪ್ಪದವರು 13 ಟೆರಾಫ್ಲಾಪ್ ಎಂಬ ಆಧಾರವಿಲ್ಲದ ಅಂಕಿಯನ್ನು ಹಿಡಿದು ಕೂತರು. 2020ರ ಮಾರ್ಚ್ 18ರಂದು ಪ್ಲೇಸ್ಟೇಷನ್ 5ರ ಮುಖ್ಯ ವಿನ್ಯಾಸಕ ಮಾರ್ಕ್ ಸೆರ್ನಿ ಭಾಷಣದಲ್ಲಿ ವಿವರ ಕೊಟ್ಟಾಗ ಘಟಕಗಳು 36 ಎಂಬುದು ದಿಟವಾಯಿತು, ವೇಗ ಮಾತ್ರ 2.23 ಗಿಗಾಹರ್ಟ್ಸ್‌ವರೆಗೆ. ಲೆಕ್ಕ 10.28.

ಅರ್ಧ ನಿಜವಾದ ಸೋರಿಕೆ ಪೂರ್ತಿ ಸುಳ್ಳಿಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂಬುದಕ್ಕೆ ಮುಂದಿನ ಎಂಟು ತಿಂಗಳು ಸಾಕ್ಷಿ. ವೇಗ ಬದಲಾಗುತ್ತದೆ ಎಂದು ಸೆರ್ನಿ ಹೇಳಿದ್ದರು; ಹಾಗಾದರೆ ನಿಜವಾದ ಅಂಕಿ 9.2ವೇ ಎಂದು ಹಲವರು ತೀರ್ಮಾನಿಸಿದರು. ಆ ವ್ಯವಸ್ಥೆಯಲ್ಲಿ ವಿದ್ಯುತ್ ಬಳಕೆಯ ಮಿತಿ ಸ್ಥಿರ. ಆಟ ಕೇಳುವ ಕೆಲಸ ಆ ಮಿತಿ ಮೀರಿದಾಗ ಮಾತ್ರ ವೇಗ ಸ್ವಲ್ಪ ಇಳಿಯುತ್ತದೆ. ಕೋಣೆಯ ಸೆಕೆಗೂ ಅದಕ್ಕೂ ಸಂಬಂಧವಿಲ್ಲ. ಇಷ್ಟನ್ನು ತಿಳಿಯಲು ಆ ಭಾಷಣವನ್ನು ತಾಳ್ಮೆಯಿಂದ ಕೇಳಬೇಕಿತ್ತು, ಅಂಕಿ ಹೋಲಿಸಲು ಅದು ಬೇಕಿರಲಿಲ್ಲ.

ಎದುರಿಗಿದ್ದ ಸೀರೀಸ್ ಎಕ್ಸ್‌ನದು 52 ಘಟಕ, 1.825 ಗಿಗಾಹರ್ಟ್ಸ್, 12.15 ಟೆರಾಫ್ಲಾಪ್. ಎರಡೂ ಬಂದ ಮೇಲೆ ಮೊದಲ ತಿಂಗಳುಗಳ ಹಲವು ಆಟಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಓಡಿದವು, ಕೆಲವು ಕಡೆ 10.28ರ ಯಂತ್ರವೇ ಮುಂದಿತ್ತು. ಇದಕ್ಕೆ ಒಂದು ವಿವರಣೆ ಚಿಪ್‌ನಲ್ಲೇ ಇದೆ. ಪಿಕ್ಸೆಲ್ ಬರೆಯುವ ಘಟಕಗಳು ಎರಡರಲ್ಲೂ 64. ಅವು ಕ್ಲಾಕ್ ವೇಗಕ್ಕೆ ತಕ್ಕಂತೆ ಓಡುವುದರಿಂದ ಪ್ಲೇಸ್ಟೇಷನ್ 5 ಸೆಕೆಂಡಿಗೆ 14,270 ಕೋಟಿ ಪಿಕ್ಸೆಲ್ ಬರೆಯಬಲ್ಲದು, ಸೀರೀಸ್ ಎಕ್ಸ್ 11,680 ಕೋಟಿ. ಟೆರಾಫ್ಲಾಪ್ ಲೆಕ್ಕದಲ್ಲಿ ಇದು ಬರುವುದೇ ಇಲ್ಲ.

ಬೇರೆ ತಲೆಮಾರಿನ ಚಿಪ್‌ಗಳನ್ನು ಹೋಲಿಸಿದಾಗ ಅಂಕಿ ಇನ್ನೂ ದಾರಿ ತಪ್ಪಿಸುತ್ತದೆ. ಸೀರೀಸ್ ಎಕ್ಸ್‌ನ ಜೊತೆಗೇ ಬಂದ ಕಿರಿಯ ಯಂತ್ರ, 4 ಟೆರಾಫ್ಲಾಪ್‌ನ ಸೀರೀಸ್ ಎಸ್ ಅನ್ನು 2017ರ 6 ಟೆರಾಫ್ಲಾಪ್‌ನ ಎಕ್ಸ್‌ಬಾಕ್ಸ್ ಒನ್ ಎಕ್ಸ್‌ಗಿಂತ ಕೀಳು ಎಂದರು. ಹೊಸ ವಿನ್ಯಾಸ ಅದೇ ಲೆಕ್ಕದಲ್ಲಿ ಹೆಚ್ಚು ಕೆಲಸ ಮುಗಿಸುತ್ತದೆ, ಪ್ರೊಸೆಸರ್ ಅಂತೂ ಬಹಳ ಮುಂದೆ. ಸೀರೀಸ್ ಎಸ್‌ನ ನಿಜವಾದ ಇಕ್ಕಟ್ಟು 10 ಜಿಬಿ ಮೆಮೊರಿಯಲ್ಲಿತ್ತು. ಆ ಬಗ್ಗೆ ಮಾತಾಡಿದವರು ಆಗ ಕಡಿಮೆ.

ನಿಂಟೆಂಡೊದ ವಿಷಯದಲ್ಲಿ ಇದಕ್ಕೆ ಬೇರೆಯೇ ರೂಪ ಬಂತು. ಅದರ ಕನ್ಸೋಲ್ ಸ್ವಿಚ್‌ನ ಹೆಚ್ಚು ಶಕ್ತಿಯ, 4ಕೆ ರೂಪ ಬರುತ್ತದೆ ಎಂದು ಜನ ಕಾದಿದ್ದರು. 2021ರ ಜುಲೈನಲ್ಲಿ ಪ್ರಕಟವಾದದ್ದು 7 ಇಂಚಿನ ಓಎಲ್‌ಇಡಿ ಪರದೆ, 64 ಜಿಬಿ ಸಂಗ್ರಹ, ಟಿವಿಗೆ ಜೋಡಿಸುವ ಡಾಕ್‌ನಲ್ಲಿ ಲ್ಯಾನ್ ಕಿಂಡಿ ಇರುವ, ಗ್ರಾಫಿಕ್ಸ್ ಶಕ್ತಿಯಲ್ಲಿ ಹಿಂದಿನಂತೆಯೇ ಇದ್ದ ಸ್ವಿಚ್. ಒಳ್ಳೆಯ ಪರದೆ ಅದು. ಬೇರೆ ಕೂಸಿಗೆ ಹೊಲಿದ ಕುಲಾವಿಯನ್ನು ಅದರ ತಲೆಗೆ ಇಟ್ಟು ಸಾಲದು ಎಂದರು.

2024ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 5 ಪ್ರೋಗೆ 33.5 ಟೆರಾಫ್ಲಾಪ್ ಎಂಬ ಸೋರಿಕೆ ಬಂತು. ಒಂದೇ ಸಲಕ್ಕೆ ಎರಡು ಸೂಚನೆ ನಡೆಸಬಲ್ಲ ವಿನ್ಯಾಸವೆಂದು ಲೆಕ್ಕವನ್ನು ಇಮ್ಮಡಿ ಮಾಡಿ ಪಡೆದ ಅಂಕಿ ಅದು. ಯಂತ್ರ ನವೆಂಬರ್ 7ರಂದು ಬಂತು. ಡಿಸೆಂಬರ್‌ನಲ್ಲಿ ಸೆರ್ನಿ ಕೊಟ್ಟ ಅಂಕಿ 16.7. ಯಂತ್ರದಲ್ಲಿ ಏನೂ ಕಡಿಮೆಯಾಗಿರಲಿಲ್ಲ, ಎಣಿಸುವ ರೀತಿ ಮಾತ್ರ ಬೇರೆಯಾಗಿತ್ತು.