ಲೀತ್ ಹಿಲ್‌ಗೆ ಹೋದವರು ಗೋಪುರವನ್ನೂ ಹತ್ತಬೇಕೇ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಸರ್ರೆಯ ಕಾಡಿನಲ್ಲಿರುವ ಲೀತ್ ಹಿಲ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಬೆಟ್ಟದ ತುದಿಯಿಂದಲೇ ಎಲ್ಲ ಕಾಣುವಾಗ ಅಲ್ಲಿನ ಹಳೇ ಗೋಪುರವನ್ನೂ ಹತ್ತಬೇಕೇ?

ಉತ್ತರ: ಮಂಡಿ ಒಪ್ಪುವುದಾದರೆ ಖಂಡಿತ ಹತ್ತಿ. ತುದಿಯಿಂದ ಕಾಣುವುದು ಅರ್ಧ ಮಾತ್ರ. ದಕ್ಷಿಣಕ್ಕೆ ಬೆಟ್ಟ ಕಡಿದಾಗಿ ಇಳಿಯುವುದರಿಂದ ಗೋಪುರದ ಬುಡದಲ್ಲಿ ನಿಂತೇ ವೀಲ್ಡ್ ಸೀಮೆಯ ಹೊಲ, ಬೇಲಿಸಾಲು, ತೋಪುಗಳನ್ನು ನೋಡಬಹುದು. ಉತ್ತರಕ್ಕೆ ತಿರುಗಿದರೆ ಬರೀ ಮರ. ಲಂಡನ್ ಇರುವುದು ಆ ಮರಗಳ ಆಚೆ, ಅದು ಕಾಣಬೇಕಾದರೆ ಮೇಲೇರಲೇಬೇಕು. ಆಕಾಶ ತಿಳಿಯಾಗಿದ್ದರೆ ಒಂದು ಕಡೆ ಲಂಡನ್ನಿನ ಎತ್ತರದ ಕಟ್ಟಡಗಳು, ಇನ್ನೊಂದು ಕಡೆ ದೂರದ ಗುಡ್ಡಸಾಲಿನ ಸಂದಿಯಲ್ಲಿ ತೆಳುವಾಗಿ ಮಿನುಗುವ ಕಡಲು. ಮಂಜು ಕವಿದ ದಿನ ಮಾತ್ರ ಹೋಗಬೇಡಿ.

ಇದನ್ನು ಕಟ್ಟಿಸಿದವನು ರಿಚರ್ಡ್ ಹಲ್, ಬೆಟ್ಟದ ಮಗ್ಗುಲಲ್ಲೇ ಇರುವ ಲೀತ್ ಹಿಲ್ ಪ್ಲೇಸ್ ಎಂಬ ಮನೆಯ ಯಜಮಾನ. ಬೆಟ್ಟ ಇರುವುದು 294 ಮೀಟರ್, ಅಂದರೆ 965 ಅಡಿ. ಸಾವಿರ ಅಡಿಗೆ ಇನ್ನು ಮೂವತ್ತೈದೇ ಅಡಿ ಕಡಿಮೆ. ಆ ಕೊರತೆ ತುಂಬಲು 1760ರ ದಶಕದಲ್ಲಿ ಗೋಪುರ ಎಬ್ಬಿಸಿ, ಒಳಗೆ ಎರಡು ಕೋಣೆ ಮಾಡಿ, ಬಂದವರು ನೋಡಲೆಂದು ದುರ್ಬೀನನ್ನೂ ಇಡಿಸಿದ. ತನ್ನೊಬ್ಬನ ಸಂತೋಷಕ್ಕಲ್ಲ, ನೆರೆಹೊರೆಯವರಿಗೂ ಎಲ್ಲ ಮನುಷ್ಯರಿಗೂ ಅನುಕೂಲವಾಗಲಿ ಎಂದು ಲ್ಯಾಟಿನ್‌ನಲ್ಲಿ ಕಲ್ಲಿನ ಮೇಲೆ ಬರೆಸಿದ. ನನಗೆ ಮೇಲಿನ ನೋಟಕ್ಕಿಂತ ಈ ಮಾತೇ ಹೆಚ್ಚು ಇಷ್ಟ. 1772ರಲ್ಲಿ ತೀರಿಕೊಂಡಾಗ, ಅವನ ಇಚ್ಛೆಯಂತೆ ಗೋಪುರದ ಕೆಳಗೇ ಹೂಳಿದರು.

ಆಮೇಲೆ ಕೇಳುವವರಿಲ್ಲದಾಯಿತು. ಬಾಗಿಲು, ಕಿಟಕಿ ಎಲ್ಲ ಹೋದವು. ಕೊನೆಗೆ ಒಳಗೆ ಕಲ್ಲು, ಗಾರೆ ತುಂಬಿ ಮುಚ್ಚಿಬಿಟ್ಟರು. 1864ರಲ್ಲಿ ಪಕ್ಕದ ವಾಟನ್‌ನ ಎವೆಲಿನ್ ಎಂಬ ಜಮೀನುದಾರರು ಮತ್ತೆ ತೆರೆಸಲು ಹೊರಟಾಗ ಆ ಗಾರೆಯನ್ನು ಕೀಳುವುದು ಸುಲಭವಾಗಿರಲಿಲ್ಲ. ಹಾಗಾಗಿ ಹೊರಗೋಡೆಗೆ ಅಂಟಿಸಿ ಬೇರೆಯೇ ಒಂದು ಮೆಟ್ಟಿಲಗೂಡು ಕಟ್ಟಿಸಿದರು. ಇವತ್ತು ನೀವು ಹತ್ತುವುದು ಅದನ್ನೇ. ಸುರುಳಿ ಮೆಟ್ಟಿಲು, ಇಕ್ಕಟ್ಟು. ಒಳಬದಿಗೆ ಮೆಟ್ಟಿಲು ಕಿರಿದಾಗುವುದರಿಂದ ಹೊರಗೋಡೆಯ ಕಡೆಗೇ ಕಾಲಿಡಿ. ಮೇಲಿನಿಂದ ಯಾರಾದರೂ ಇಳಿಯುವ ಸದ್ದು ಕೇಳಿದರೆ ಕೆಳಗೇ ಕಾಯುವುದು ಒಳ್ಳೆಯದು.

ಕಾರು ನಿಲ್ಲಿಸಿದ ಮೇಲೂ ಕಾಡುದಾರಿಯಲ್ಲಿ ನಡೆಯುವುದಿದೆ. ಹತ್ತಿರದ ದಾರಿ ಅಂದರೆ ಏರು ಹೆಚ್ಚು ಅಂತಲೇ ತಿಳಿಯಿರಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಗೋಪುರ ಈಗ ಹಳೆಯ ಕಟ್ಟಡ, ಕಾಡುಮೇಡುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದೆ. ತೆರೆದಿರುವ ದಿನ, ಹೊತ್ತುಗಳನ್ನು ಅವರ ಜಾಲತಾಣದಲ್ಲಿ ಮಗಳು ಮೊದಲೇ ನೋಡಲಿ. ಮೇ ತಿಂಗಳ ಮೊದಲಲ್ಲಿ ಹೋಗುವುದಾದರೆ ಬ್ಲೂಬೆಲ್ ಅರಳಿದ ತೋಪುಗಳಿಗೆ ಒಂದು ಗಂಟೆ ಬೇರೆಯಾಗಿ ಇಟ್ಟುಕೊಳ್ಳಿ.